ಅರವತ್ತೈದು ದಾಟಿದ ಗಂಡಸರು ಬೇಕಾಗಿದ್ದಾರೆ

ಜುಲೈ 29

ತಾತನಿಗೆ ಬಿ.ಪಿ. ಮಾತ್ರೆ ಕೊಟ್ಟು, ದನ ಬಿಟ್ಟು, ಡೈರಿಗೆ ಹಾಲು ಹಾಕಿ ಬಂದೆ. ಡೈರಿ ಗೋಡೆಯ ಮೇಲೆ ಕೆಸರುಗದ್ದೆ ಆಟದ ಪೋಸ್ಟರ್. ಈ ಸಲ ಅರವತ್ತೈದು ದಾಟಿದ ಗಂಡಸರಿಗೂ ಹಗ್ಗಜಗ್ಗಾಟ. ತಂಡಕ್ಕೆ ಏಳು ಜನ. ಹೊಳೆಯಾಚೆಯ ಊರಿನ ಚೇತನ್‌ಕುಮಾರ್ ಅಲ್ಲೇ ನಿಂತಿದ್ದ.

"ನಿಮ್ಮೂರಿಂದ ಅಜ್ಜಿಯರನ್ನೇ ಕಳ್ಸು ಹರ್ಷಿತಾ. ನಿಮ್ಮ ಗಂಡಸ್ರು ಅಷ್ಟು ದಿನ ಎಲ್ಲಿ ಬಾಳ್ತಾರೆ?"

ಮೈ ಉರಿಯಿತು. ಆದರೆ ಸುಳ್ಳೇನಲ್ಲ. ತಾತನ ಅಪ್ಪ ಐವತ್ತೆರಡಕ್ಕೆ ಹೋದರು. ಅವರ ತಮ್ಮಂದಿರು ಅದಕ್ಕೂ ಮೊದಲೇ. ಸಾರಾಯಿ, ಬೀಡಿ, ಎದೆನೋವು... ಅಜ್ಜಿಯರ ಊರೆಂದೇ ನಮಗೆ ಹೆಸರು.

ಆಗಸ್ಟ್ 2

ಮನೆಮನೆ ತಿರುಗಿದೆ. ಪಿಯುಸಿ ಬಿಟ್ಟ ಮೇಲೆ ಇಷ್ಟು ಹಟದಿಂದ ಏನನ್ನೂ ಮಾಡಿರಲಿಲ್ಲ. ಸಂಜೆಗೆ ಆರು ಜನ! ತಾತನಿಗೆ ಎಪ್ಪತ್ತೊಂದು. ಬೆಳ್ಯಪ್ಪತಾತನಿಗೆ ಎಂಬತ್ತು. ದಿನಾ ಕಣ್ಣೆದುರೇ ಇದ್ದವರು. ಒಟ್ಟಿಗೆ ಯಾರೂ ಎಣಿಸಿರಲಿಲ್ಲ, ಅಷ್ಟೆ.

ತಾತ ಹುಡುಗನಾಗಿದ್ದಾಗ ಊರಿಗೆಲ್ಲ ಒಬ್ಬರೇ ಮುದುಕರು ಇದ್ದರಂತೆ. ಯಾರ ಮನೆಯ ಮದುವೆ ಮಾತುಕತೆಗೂ ಹಿರಿಯರೆಂದು ಅವರನ್ನೇ ಕರೆದೊಯ್ಯುತ್ತಿದ್ದರಂತೆ.

ಆಗಸ್ಟ್ 6

ಏಳನೆಯವರು ಸಿಕ್ಕರು. ಜವರಯ್ಯಮಾವ. ಆಧಾರ್ ಪ್ರಕಾರ ಅರವತ್ತಾರು. ಕುಣಿದುಬಿಟ್ಟೆ. ಆಮೇಲೆ ನೆನಪಾಯಿತು—ಅವರ ಅಕ್ಕ ಕಾಮಾಕ್ಷಮ್ಮನಿಗೇ ಅರವತ್ತೈದು. ಆಕೆ ಶಾಲೆಗೆ ಹೋದವರು, ಆ ಲೆಕ್ಕ ಸರಿ. ಆಧಾರ್ ಮಾಡಿಸುವಾಗ ಜವರಯ್ಯಮಾವ ಬಾಯಿಗೆ ಬಂದದ್ದು ಬರೆಸಿದ್ದಾರೆ.

ಕಾಮಾಕ್ಷಮ್ಮ ನಕ್ಕರು. "ಅವ್ನು ನನಗಿಂತ ಎರಡು ವರ್ಷಕ್ಕೆ ಚಿಕ್ಕೋನು ಕಣವ್ವಾ."

ಅವರನ್ನು ಕೈಬಿಟ್ಟೆ. ಕಾರ್ಡ್ ಇದೆಯಲ್ಲ, ಸಾಕು ಎಂದು ತಾತ ರೇಗಿದರು. ಇಲ್ಲದ ವಯಸ್ಸು ಸೇರಿಸಿ ಇಳಿದರೆ ಚೇತನ್ ಹೇಳಿದ್ದೇ ನಿಜವಾಗುತ್ತದೆ ಎಂದೆ. ತಾತ ಊಟಕ್ಕೆ ಏಳಲಿಲ್ಲ.

ಆಗಸ್ಟ್ 13

ಏಳನೆಯವರಿಲ್ಲ. ತಾತನ ಮಾತೂ ಇಲ್ಲ.

ಆಗಸ್ಟ್ 17, ಭಾನುವಾರ, ಸಂಜೆ

ಕಾಲಿನ ಕೆಸರನ್ನೂ ತೊಳೆಯದೆ ಬರೆಯಲು ಕೂತಿದ್ದೇನೆ.

ಆರೇ ಜನ ಇಳಿದರು. ಆ ಕಡೆ ಚೇತನ್ ಊರಿನ ಏಳು ಜನ. ನಿಮ್ಮಲ್ಲೂ ಒಬ್ಬರನ್ನು ಕೂರಿಸಿ ಎಂದು ಕೇಳಲು ಹೊರಟೆ. ತಾತ ತಡೆದರು.

"ಬ್ಯಾಡ ಮಗಾ. ಇರೋರು ಎಳೀತೀವಿ."

ಮೂರು ಸುತ್ತಿನಲ್ಲಿ ಮೊದಲನೆಯದು ಸೋತೆವು. ಆಗ ಜವರಯ್ಯಮಾವ ಬದುವಿನ ಮೇಲೆ ಬಂದು ನಿಂತರು. ಕಾಡಿನಿಂದ ಮರದ ದಿಮ್ಮಿ ಎಳೆಯುವವರ ಕೂಗು—ಐಸಾ, ಐಸಾ! ಆರೂ ಜನ ಪ್ರಾಯದಲ್ಲಿ ಆ ಕೂಗಿಗೇ ದಿಮ್ಮಿ ಎಳೆದವರು. ಹಿಮ್ಮಡಿಗಳೆಲ್ಲ ಒಂದೇ ಸಲ ಕೆಸರಿಗೆ ಇಳಿದವು. ಎರಡನೆಯದು ನಮ್ಮದು. ಮೂರನೆಯದರಲ್ಲಿ ಬೆಳ್ಯಪ್ಪತಾತ ಕೆಸರಲ್ಲಿ ಕೂತೇಬಿಟ್ಟರು, ಹಗ್ಗ ಮಾತ್ರ ಬಿಡಲಿಲ್ಲ.

ಗೆದ್ದೆವು. ಗೆದ್ದೆವು! ಅಜ್ಜಿಯರೆಲ್ಲ ಗದ್ದೆಗೇ ಇಳಿದರು. ಚೇತನ್ ಬಂದು ತಾತನ ಕೈ ಕುಲುಕಿ ವಯಸ್ಸೆಷ್ಟು ಎಂದ. ತಾತನಿಗೆ ಉಸಿರು ಸಾಲದು. ಇವಳನ್ನು ಕೇಳು ಎಂಬಂತೆ ನನ್ನ ಕಡೆ ಕೈ ತೋರಿಸಿದರು.

ವಾಪಸ್ ಬರುವಾಗ ಜೀಪಿನಲ್ಲಿ ಜವರಯ್ಯಮಾವ ನನ್ನ ಪಕ್ಕ. ಮುನಿಸಿಲ್ಲ ತಾನೇ ಎಂದು ಕೇಳಿದೆ.

"ಅರವತ್ತೈದಕ್ಕೆ ಇನ್ನೆರಡು ವರ್ಷ ತಾನೆ? ಇರ್ತೀನಿ ಬಿಡವ್ವಾ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು. ನಮ್ಮೂರಿನ ಗಂಡಸು, ಎರಡು ವರ್ಷವನ್ನು, ಹೀಗೆ ಜೇಬಿನಲ್ಲೇ ಇರುವಂತೆ—