ಮೈಸೂರಿನಲ್ಲಿ ಉಳಿದ ಲೋಟ

ನವಿಲುತೀರ್ಥ
೧೨–೧೧–೧೯೭೬

ಲಾಡ್ಜಿನ ಮ್ಯಾನೇಜರ್ ಸಾಹೇಬರಿಗೆ ಪರಸಪ್ಪನ ನಮಸ್ಕಾರಗಳು.

ನಿಮ್ಮ ಕಾರ್ಡು ಮುಟ್ಟಿತು. ನಾವಿದ್ದ ಕೋಣೆಯ ಕಿಟಕಿಯಲ್ಲಿ ಅವ್ವನ ಅಲ್ಯುಮಿನಿಯಂ ಲೋಟ ಸಿಕ್ಕಿದೆ, ಪಾರ್ಸೆಲ್ ಮಾಡಲೇ ಎಂದು ಕೇಳಿದ್ದೀರಿ. ಇಷ್ಟು ಕಾಳಜಿ ಯಾರು ಮಾಡುತ್ತಾರೆ!

ಮೈಸೂರು ನೋಡಿ ಬಂದ ಮೇಲೆ ನನ್ನ ಮಗಳಿಗೆ ಜಿರಾಫೆ ಬಿಟ್ಟರೆ ಬೇರೆ ಮಾತಿಲ್ಲ. ಅವ್ವ ಮಾತ್ರ ನಿಮ್ಮ ಸಪ್ಲೈಯರ್ ನಂಜುಂಡಯ್ಯನವರ ಸುದ್ದಿಯನ್ನೇ ಹೇಳುತ್ತಾಳೆ.

ಅವ್ವನ ಊರಿನ ಚಹಾದಂಗಡಿಗೆ ನಮ್ಮ ಕೇರಿಯವರು ಲೋಟವನ್ನು ಮನೆಯಿಂದಲೇ ಒಯ್ಯಬೇಕು, ಹೊರಗೇ ಕುಳಿತು ಕುಡಿಯಬೇಕು. ಅದೇ ರೂಢಿಯಿಂದ ಮೊದಲ ದಿನ ನಿಮ್ಮ ಬಾಗಿಲ ಹೊರಗೂ ಲೋಟ ಹಿಡಿದು ಕುಳಿತಿದ್ದಳು. ನಂಜುಂಡಯ್ಯನವರು ಬಂದು, "ಒಳಗೆ ಬನ್ನಿ ಅಮ್ಮ, ಚಳಿ ಇದೆ" ಎಂದು ಕುರ್ಚಿ ಎಳೆದು, ಕಪ್ಪು-ಬಸಿಯಲ್ಲಿ ಚಹಾ ಕೊಟ್ಟರು. ಕುಡಿದವಳೇ ಕಪ್ಪು ತೊಳೆಯಲು ನಲ್ಲಿಗೆ ಓಡಿದಳು. ಮರುದಿನವೂ ಓಡಿದಳು. ಎರಡು ಸಲವೂ ಅವರು ನಕ್ಕು, ಅವಳ ಕೈಯಿಂದ ಕಪ್ಪು ಇಸಿದುಕೊಂಡರು. ಮೂರನೆಯ ದಿನ ಅವ್ವ ಕಪ್ಪನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ಅವಳ ಕಪ್ಪು ಎಲ್ಲರ ಕಪ್ಪುಗಳ ಜೊತೆ ಒಳಗೆ ಹೋಗುತ್ತಿತ್ತು.

ನಿನ್ನೆ ನಿಮ್ಮ ಕಾರ್ಡು ಓದಿ ಹೇಳಿದೆ. "ಕಳಸಬ್ಯಾಡ್ರಿ ಅಂತ ಬರಿ. ನಾ ಮರತು ಬಂದಿಲ್ಲ" ಅಂದಳು.

"ಊರಿಗೆ ಹೋದ್ರ ಚಹಾಕ್ಕ ಬೇಕಾಗತೈತಲ್ಲಬೇ?" ಎಂದೆ.

"ಮನ್ಯಾಗ ಕಾಸಿ ಕುಡಿತೇನಿ."

ಆದ್ದರಿಂದ ಆ ಲೋಟವನ್ನು ನಿಮ್ಮ ಅಂಗಳದ ಹೂಗಿಡಗಳಿಗೆ ನೀರು ಹಾಕಲು ಇಟ್ಟುಕೊಳ್ಳಿರಿ. ನಂಜುಂಡಯ್ಯನವರು ಕೇಳಿದರೆ, ನಮ್ಮವ್ವ ಬಾಯವ್ವ ಈಗ ಮನೆಯಲ್ಲೂ ಕಪ್ಪು-ಬಸಿಯಲ್ಲೇ ಚಹಾ ಕುಡಿಯುತ್ತಾಳೆಂದು ಹೇಳಿರಿ.

ನಿಮ್ಮ ವಿಶ್ವಾಸಿ,
ಪರಸಪ್ಪ