ಚಾಪೆಗೆ ಬಿದ್ದ ಸೂಜಿಬಾಚಣಿಗೆ

ಆಗಸ್ಟ್ ೧೪, ಬುಧವಾರ. ಸಫೋಟು.

ಹಚ್ಚೆ ಹೊಡೆಯುವ ಸೂಜಿಬಾಚಣಿಗೆ ಕೈಜಾರಿ ಚಾಪೆಗೆ ಬಿತ್ತು. ನನ್ನ ಕೈಯಿಂದ! ನನ್ನಷ್ಟು ನೇರ ಗೆರೆ ಹೊಡೆಯುವವನು ಇಡೀ ಸಮೋವಾದಲ್ಲೇ ಹುಟ್ಟಿಲ್ಲ ಎಂದು ಬೆಳಿಗ್ಗೆ ತಾನೇ ಕೊಚ್ಚಿಕೊಂಡಿದ್ದೆ.

ಇಯೋಸೆಫಾನ ತೊಡೆಗೆ ಇನ್ನು ಎರಡೇ ಗೆರೆ ಬಾಕಿಯಿತ್ತು. ಅವನ ನೋವು ಮರೆಸಲು ಎಲ್ಲರೂ ಹಾಡುತ್ತಿದ್ದರು, ಯಾರೂ ನೋಡಲಿಲ್ಲ. ಒರೆಸಿಕೊಂಡು ಮುಂದುವರಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. "ಇವತ್ತಿಗೆ ಸಾಕು" ಎಂದೆ.

"ಯಾಕಣ್ಣ, ಕೈ ಸೋತುಹೋಯ್ತಾ? ಬಾಯಿ ಮಾತ್ರ ಸೋಲಲ್ಲ ನೋಡು ನಿಂದು!" ಎಂದಳು ಅವನ ತಾಯಿ ಸಿಯೆನಾ. ಎಲ್ಲರೂ ನಕ್ಕರು.

"ಬಾಚಣಿಗೆ ಬೀಳಿಸಿಬಿಟ್ಟೆ ಕಣಮ್ಮ. ಆಸ್ಪತ್ರೆಯ ಆವಿಯಲ್ಲಿ ಬೆಂದು ಬರೋ ತನಕ ನಿನ್ನ ಮಗನ ಮೈಗೆ ತಾಗಿಸಲ್ಲ."

ನಗು ನಿಂತುಹೋಯಿತು. ನಗುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು.

ಮೊದಲೆಲ್ಲ ಪಕ್ಕದಲ್ಲಿ ಕೂತು ಚರ್ಮ ಎಳೆದು ಹಿಡಿಯುತ್ತಿದ್ದ ತಮ್ಮ ಲೌಲು ಬದುಕಿದ್ದರೆ, "ನನ್ನ ಮೊಣಕೈ ತಾಗಿತು" ಎಂದು ಸುಳ್ಳು ಹೇಳಿ ನನ್ನ ಮಾನ ಉಳಿಸುತ್ತಿದ್ದ. ಅವನು ಹೋಗಿ ನಾಲ್ಕು ವರ್ಷವಾಯಿತು.

ಹಚ್ಚೆ ಹಾಕಿಸಿಕೊಂಡವನನ್ನು ಒಂಟಿಯಾಗಿ ಬಿಡಬಾರದೆಂದು ಇಡೀ ಮನೆ ಇಯೋಸೆಫಾನ ಸುತ್ತ ಮಲಗಿದೆ. ಹಚ್ಚೆ ಹೊಡೆಯುವವನ ಬಗ್ಗೆ ಹಿರಿಯರು ಅಂಥದ್ದೇನೂ ಹೇಳಿಹೋಗಲಿಲ್ಲ. ಪಕ್ಕದ ಗುಡಿಸಲಲ್ಲಿ ಒಬ್ಬನೇ ಕೂತು ಬರೆಯುತ್ತಿರುವ ನನಗೆ ಅವರ ಗೊರಕೆ ಕೇಳಿಸುತ್ತಿದೆ. ನಾನೂ ಅಲ್ಲೇ ಒಂದು ಮೂಲೆಯಲ್ಲಿ ಮಲಗಲೇ ಎಂದು ಕೇಳಬಹುದಿತ್ತು, ಆದರೆ ಅದನ್ನು ಕೇಳುವಷ್ಟರಲ್ಲಿ ಸೋಲದ ಈ ಬಾಯಿಯೂ ಸೋತಿತು.