ಇಲ್ಲದ ಕಿಟಕಿ

ಜೂನ್ 3, ಸೋಮವಾರ

ಬೆಳಿಗ್ಗೆಯಿಂದ ಮೂವತ್ತೆರಡು ಶರ್ಟ್ ಇಸ್ತ್ರಿ ಆಯಿತು. ಸೊಂಟ ನನ್ನದಲ್ಲ ಅನ್ನಿಸುತ್ತಿದೆ. ಮಗಳು ಇಸ್ತ್ರಿ ಮೇಜಿನ ತುದಿಯಲ್ಲೇ ಸ್ಕೂಲಿನ ಪ್ರಬಂಧ ಬರೆಯುತ್ತಿದ್ದಳು — 'ನಮ್ಮ ಮನೆ'. ಇಣುಕಿದೆ. 'ನಮ್ಮದು ಮೆಟ್ಟಿಲ ಕೆಳಗಿನ ರೂಮು. ಅಮ್ಮ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಮಳೆ ಬಂದರೆ ಕಂಡವರ ಬಟ್ಟೆ ಮಂಚದ ಮೇಲೆ, ನಾವು ನೆಲದ ಮೇಲೆ.' ಮೈಯೆಲ್ಲ ಉರಿಯಿತು.

"ಮನೆ ಮರ್ಯಾದೆ ಬೀದಿಗೆ ಹಾಕ್ತೀಯೇನೇ? ಹರಿ ಅದನ್ನ."

"ನಿಜ ತಾನೇ ಅಮ್ಮ?"

"ನಿಜ ಆದ್ರೆ? ಊರಿಗೆಲ್ಲ ಡಂಗುರ ಸಾರ್ಬೇಕಾ?"

ಡಾಕ್ಟರ್ ಮನೆಗೆ ಬಟ್ಟೆ ಕೊಡಲು ಹೋಗುತ್ತೇನಲ್ಲ, ಆ ಮನೆಯನ್ನೇ ಬರೆಸಿದೆ. ಎರಡು ರೂಮು. ಅವಳಿಗೇ ಒಂದು. ಮೇಜು, ಲ್ಯಾಂಪು, ಕಿಟಕಿ.

"ಕಿಟಕಿ ಯಾವ ಕಡೆ ಅಮ್ಮ?"

"ಪೂರ್ವಕ್ಕೆ ಹಾಕು. ಬಿಸಿಲು ಬರ್ಲಿ."

ಇಬ್ಬರೂ ನಕ್ಕೆವು. ಪುಕ್ಕಟೆ ಮನೆ, ಕಟ್ಟಿದ್ದೇ ಕಟ್ಟಿದ್ದು!

ಜೂನ್ 11

ಸ್ಕೂಲಿನಲ್ಲಿ ಹಾಸ್ಟೆಲ್ ಸೀಟಿನ ಲಿಸ್ಟ್ ಹಾಕಿದ್ದಾರೆ. ಊಟ, ಮಂಚ, ಹತ್ತನೇ ಕ್ಲಾಸಿನವರೆಗೆ ಓದು — ಎಲ್ಲ ಫ್ರೀ. ಕ್ಲಾಸಿಗೇ ಫಸ್ಟ್ ಬರುವ ನನ್ನ ಮಗಳ ಹೆಸರಿಲ್ಲ. ಹೋಗಿ ಟೀಚರನ್ನು ಕೇಳಿದೆ.

"ಪ್ರಬಂಧ ಓದೇ ಆರಿಸಿದ್ದು. ಓದೋಕೆ ಜಾಗ ಇಲ್ಲದೋರಿಗೆ ಮೊದಲು. ನಿಮ್ಮ ಹುಡುಗಿಗೆ ಸ್ವಂತ ರೂಮೇ ಇದೆಯಲ್ಲಮ್ಮ!"

ಆಗಲೇ ಹೇಳಬಹುದಿತ್ತು. "ಹೌದು ಟೀಚರ್" ಅಂದು ಬಂದುಬಿಟ್ಟೆ. ಹೌದಂತೆ! ನನ್ನ ಬಾಯಿಗಿಷ್ಟು ಮಣ್ಣು ಬೀಳ.

ಜೂನ್ 12

ಒಂದು ಕಾಲರ್ ಸುಟ್ಟೆ. ಬರೆಯಲು ಮನಸ್ಸಿಲ್ಲ.

ಜೂನ್ 17

ಬಾಯಿ ಬಿಡಲು ಆರು ದಿನ ಬೇಕಾಯಿತು. ಇವತ್ತು ಎಲ್ಲ ಹೇಳಿದೆ. ಟೀಚರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಲಿಸ್ಟಿನಲ್ಲಿದ್ದ ಒಬ್ಬಳು ಬರುವುದಿಲ್ಲವಂತೆ, ಒಂದು ಸೀಟು ಇದೆ.

"ಈ ಸಲ ಬರೆದದ್ದನ್ನ ನಂಬಲ್ಲ. ನಾಳೆ ಸಂಜೆ ನಾನೇ ಬಂದು ಮನೆ ನೋಡ್ತೀನಿ. ಹುಡುಗಿನೂ ಇರ್ಲಿ. ನಾಳೆಗೇ ಕೊನೆ."

ಜೂನ್ 18, ಸಂಜೆ 4:50

ರೂಮಿನ ಹೊರಗೆ, ಮೆಟ್ಟಿಲ ಹಿಂದೆ ಕುಳಿತಿದ್ದೇನೆ. ಮಗಳು ಒಳಗಿಂದ ಚಿಲಕ ಹಾಕಿಕೊಂಡಿದ್ದಾಳೆ. ಈ ಪುಸ್ತಕ ಬಟ್ಟೆ ಗಂಟಿನಲ್ಲಿತ್ತು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

"ಬಾಗಿಲು ತೆಗಿ ಪುಟ್ಟಿ, ಟೀಚರ್ ಬರೋ ಹೊತ್ತಾಯ್ತು."

"ಬರೋದು ಬೇಡ. ಆ ಪ್ರಬಂಧ ಕ್ಲಾಸಲ್ಲಿ ಎಲ್ಲರ ಮುಂದೆ ಓದಿದ್ದೀನಿ ಕಣಮ್ಮ. ಚಪ್ಪಾಳೆ ತಟ್ಟಿದ್ರು. ಹಾಸ್ಟೆಲ್ಲೂ ಬೇಡ ನಂಗೆ. ಈ ಮನೆ ಯಾರೂ ನೋಡೋದು ಬೇಡ."

ಹುಟ್ಟಿದಾಗಿನಿಂದ ಈ ರೂಮಿನಲ್ಲೇ ಬೆಳೆದವಳು. ಒಂದು ದಿನವೂ ನಾಚಿಕೊಂಡವಳಲ್ಲ. ನಾನು ಕಲಿಸಿದೆ. ಹೆತ್ತವಳೇ ಕಲಿಸಿದೆ.

ಟೀಚರ್ ಬಂದರು. ಗೇಟಿನಲ್ಲಿ ಯಾರನ್ನೋ ಕೇಳುತ್ತಿದ್ದಾರೆ. ನನ್ನನ್ನು ನೋಡಿಲ್ಲ. ಮೇಲಿನ ಮನೆ ಇರಬೇಕು ಅಂತ ಮೆಟ್ಟಿಲು ಹತ್ತುತ್ತಿದ್ದಾರೆ… ಕೂಗಬೇಕು. ಕೂಗೇ ಮೂದೇವಿ, ಕೂಗು. ಟೀಚರ್, ಅಲ್ಲಲ್ಲ, ಇಲ್ಲಿ, ಕೆಳ—